ಮುಚ್ಚಿದ ದಿನದಿಂದ ಎಣಿಸಬೇಕು

ನಾನು ಬೂದಿ ತೂಗುವವಳು. ಹೀಗೆಂದರೆ ಜನ ನಗುತ್ತಾರೆ, ಅದಕ್ಕೇ ಯಾರಾದರೂ ಕೇಳಿದರೆ ‘ಕಂಪನಿಯಲ್ಲಿ ಲ್ಯಾಬ್ ಕೆಲಸ’ ಎಂದು ಹೇಳಿ ಸುಮ್ಮನಾಗುತ್ತೇನೆ. ತೆಂಗಿನ ಚಿಪ್ಪಿನ ಇದ್ದಿಲಿನಿಂದ ನೀರಿನ ಫಿಲ್ಟರಿಗೆ ಹಾಕುವ ಕಪ್ಪು ಹರಳು ಮಾಡುವ ಕಂಪನಿ ನಮ್ಮದು. ತುಮಕೂರಿನ ಹೊರಗೆ, ಬೇರೆ ಕಾರ್ಖಾನೆಗಳ ಸಾಲಿನಲ್ಲಿದೆ. ಇದ್ದಿಲಿನ ಲೋಡು ಬಂದಾಗ ಚೀಲಗಳಿಂದ ಒಂದಿಷ್ಟು ತೆಗೆದು ಪುಡಿ ಮಾಡಿ, ಅದರಲ್ಲಿ ಒಂದು ಗ್ರಾಮನ್ನು ಪಿಂಗಾಣಿ ಬಟ್ಟಲಿಗೆ ಹಾಕಿ ಕರೆಂಟಿನ ಒಲೆಯೊಳಗೆ ಇಡುತ್ತೇನೆ. ಎಲ್ಲ ಉರಿದು ಹೋದ ಮೇಲೆ ಉಳಿದ ಬೂದಿಯನ್ನು ತೂಗಬೇಕು. ಬೂದಿ ಕಡಿಮೆ ಇದ್ದರೆ ಇದ್ದಿಲು ಒಳ್ಳೆಯದು, ಹಸಿರು ಚೀಟಿ. ಹೆಚ್ಚಿದ್ದರೆ ಮಣ್ಣು ಸೇರಿದೆ ಎಂದರ್ಥ, ಕೆಂಪು ಚೀಟಿ. ತೇವ ಹೆಚ್ಚಿದ್ದರೂ ಕೆಂಪೇ. ಚೀಟಿಯ ಕೆಳಗೆ ನನ್ನ ಸಹಿ ಇರುತ್ತದೆ.

ಅವ್ವನ ಚೀಲಗಳಿಗೂ ನಾನೇ ಚೀಟಿ ಅಂಟಿಸುತ್ತಿದ್ದೆ.

ಅವ್ವ ಗುಬ್ಬಿ ರಸ್ತೆಯ ಬದಿಯಲ್ಲಿ ಇದ್ದಿಲು ಗುಂಡಿ ಇಟ್ಟುಕೊಂಡಿದ್ದವಳು. ಒಟ್ಟು ಐದು ಗುಂಡಿ. ತೋಡಿದ್ದು ಅಪ್ಪ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪ ತೀರಿಕೊಂಡ, ಗುಂಡಿಗಳು ಅವ್ವನ ಪಾಲಿಗೆ ಉಳಿದವು. ನೆಲ ನಮ್ಮದಲ್ಲ. ತೆಂಗಿನ ತೋಟದ ಅಂಚಿನಲ್ಲಿದ್ದ ಬರಡು ತುಂಡು ಅದು, ಏನೂ ಬೆಳೆಯುವುದಿಲ್ಲ ಎಂದು ತೋಟದವರು ಬಿಟ್ಟುಕೊಟ್ಟಿದ್ದರು. ಸುತ್ತಲಿನ ಊರುಗಳಲ್ಲಿ ಕೊಬ್ಬರಿ ಒಡೆಯುವ ಕಡೆಯಿಂದ ಚಿಪ್ಪು ಟ್ರ್ಯಾಕ್ಟರಿನಲ್ಲಿ ಬಂದು ಬೀಳುತ್ತಿತ್ತು. ಆಗ ಆ ರಸ್ತೆಯುದ್ದಕ್ಕೂ ನಮ್ಮಂತೆಯೇ ಏಳೆಂಟು ಮನೆಯವರು ಗುಂಡಿ ಸುಡುತ್ತಿದ್ದರು. ಬಸ್ಸಿನಲ್ಲಿ ಬರುವವರು ಅಲ್ಲಿಗೆ ಬಂದ ಕೂಡಲೇ ಕಿಟಕಿ ಮುಚ್ಚಿ ಮೂಗಿಗೆ ಸೆರಗು ಹಿಡಿಯುತ್ತಿದ್ದರು. ಸ್ಕೂಲಿನಲ್ಲಿ ನನ್ನ ಪಕ್ಕ ಕೂರುವ ಹುಡುಗಿಯರೂ ಅಷ್ಟೇ. ನನಗೆ ಅದೇನು ವಾಸನೆ ಎಂದು ಗೊತ್ತಾಗಿದ್ದು ಮದುವೆಯಾಗಿ ಆ ಜಾಗ ಬಿಟ್ಟ ಮೇಲೆ.

ಕೆಲಸ ನೋಡುವುದಕ್ಕೆ ಸುಲಭ. ಆಳು ಮುಳುಗುವಷ್ಟು ಆಳದ, ಒಳಗೆ ಇಟ್ಟಿಗೆ ಕಟ್ಟಿದ ಗುಂಡಿ. ತಳಕ್ಕೆ ಸ್ವಲ್ಪ ಚಿಪ್ಪು ಹಾಕಿ ಬೆಂಕಿ ಹಚ್ಚುವುದು, ಅದು ಹಿಡಿದುಕೊಂಡ ಮೇಲೆ ಒಂದರ ಮೇಲೊಂದು ಬುಟ್ಟಿ ಚಿಪ್ಪು ಸುರಿಯುತ್ತ ಹೋಗುವುದು. ಇವತ್ತು ಬೆಳಿಗ್ಗೆ ಹಚ್ಚಿದರೆ ಗುಂಡಿ ತುಂಬುವಾಗ ನಾಳೆ ಸಂಜೆಯಾಗುತ್ತದೆ. ಮೊದಲು ಹೊಗೆ ದಪ್ಪಗೆ, ಬೆಳ್ಳಗೆ ಏಳುತ್ತದೆ. ಅದು ತೆಳ್ಳಗಾಗಿ ನೀಲಿಗೆ ತಿರುಗಿದಾಗ ತಗಡು ಮುಚ್ಚಿ, ಸುತ್ತ ಕೆಸರು ಮೆತ್ತಿ, ಗಾಳಿ ಆಡದ ಹಾಗೆ ಬಾಯಿ ಕಟ್ಟಬೇಕು. ಆಮೇಲೆ ಮೂರು ದಿನ ಮುಟ್ಟಬಾರದು. ಒಳಗೆ ಉರಿ ಇರುವುದಿಲ್ಲ, ಕಾವು ಇರುತ್ತದೆ. ಬೇಗ ಬಾಯಿ ತೆಗೆದರೆ ಗಾಳಿ ಹೊಕ್ಕು ಇದ್ದಿಲೆಲ್ಲ ಹೊತ್ತಿಕೊಂಡು ಬೂದಿಯಾಗುತ್ತದೆ. ಅವಸರದವರು ನೀರು ಎರಚಿ ತೆಗೆಯುತ್ತಿದ್ದರು. ಅವ್ವ ಅಂಥವರನ್ನು ಕಂಡರೆ ಮೂಗು ಮುರಿಯುತ್ತಿದ್ದಳು.

“ಹಚ್ಚಿದ್ ದಿನ ಲೆಕ್ಕಕ್ಕಿಲ್ಲ ಕಣೇ,” ಎಂದು ನನಗೆ ಹೇಳಿಕೊಟ್ಟಿದ್ದಳು. “ಮುಚ್ಚಿದ್ ದಿನದಿಂದ ಎಣಿಸ್ಬೇಕು. ಮುಚ್ಚಿದ್ ದಿನಾನೂ ಬುಟ್ಟು, ಮೂರು ದಿನ ಪೂರ್ತಿ. ನಾಕನೇ ದಿನ ಬೆಳಿಗ್ಗೆ ಬಾಯಿ ಬುಡಿಸು.”

ನಾನು ಮಗ್ಗಿ ಕಲಿಯುವ ಮೊದಲು ಇದನ್ನು ಕಲಿತವಳು. ಬೇರೆಯವರು ಮುಚ್ಚಿದ ತಗಡಿನ ಮೇಲೆ ಅಂಗೈ ಇಟ್ಟು ಕಾವು ನೋಡುತ್ತಿದ್ದರು. ಅವ್ವನಿಗೆ ಅದು ಆಗುತ್ತಿರಲಿಲ್ಲ. ವರ್ಷಗಟ್ಟಲೆ ಬಿಸಿ ತಗಡು ಹಿಡಿದು ಅವಳ ಅಂಗೈ ದಪ್ಪಗಾಗಿ ಸತ್ತುಹೋಗಿತ್ತು. ಕುದಿಯುವ ಸಾರಿನ ಪಾತ್ರೆಯನ್ನು ಬಟ್ಟೆ ಇಲ್ಲದೆ ಇಳಿಸುತ್ತಿದ್ದಳು, ನಮ್ಮ ಮನೆಯಲ್ಲಿ ಇಕ್ಕಳವೇ ಇರಲಿಲ್ಲ. ಕೈಗೆ ತಿಳಿಯದ್ದನ್ನು ಅವಳು ಎಣಿಸಿ ತಿಳಿದುಕೊಳ್ಳುತ್ತಿದ್ದಳು. ಒಂದು ದಿನವೂ ಆ ಕಡೆ ಈ ಕಡೆ ಆದದ್ದಿಲ್ಲ.

ಓದು ಬರಹ ಬಾರದ ಅವಳ ಎಣಿಕೆ ಎಷ್ಟು ಗಟ್ಟಿ ಎಂದರೆ, ಸುತ್ತಲಿನ ಜನ ಪುರುಡು, ಸೂತಕ, ತಿಥಿ ಯಾವುದೇ ಇರಲಿ ಅವ್ವನನ್ನು ಕೇಳಲು ಬರುತ್ತಿದ್ದರು. ಅವಳ ತೌರು ಕುಣಿಗಲ್ ಕಡೆ, ಹುತ್ರಿದುರ್ಗದ ಕೆಳಗಿನ ಹಳ್ಳಿ. ಅಲ್ಲಿ ಅವಳ ಅಜ್ಜಿ ಊರಿಗೆಲ್ಲ ಇದೇ ಕೆಲಸ ಮಾಡಿಕೊಂಡಿದ್ದಳಂತೆ. ಸತ್ತ ದಿನದಿಂದ ಎಣಿಸುವ ಮನೆತನ ಯಾವುದು, ಮಣ್ಣು ಮಾಡಿದ ದಿನದಿಂದ ಎಣಿಸುವ ಮನೆತನ ಯಾವುದು ಎಂದು ಅವ್ವನಿಗೆ ಬಾಯಲ್ಲೇ ಇತ್ತು. ಕ್ಯಾಲೆಂಡರ್ ಹಿಡಿದುಕೊಂಡು ಬಂದವರನ್ನು ನೋಡಿ ನಗುತ್ತಿದ್ದಳು. “ಅದ್ರಲ್ಲಿ ತಾರೀಕು ಇರ್ತದೆ ಕಣಪ್ಪ, ದಿನ ಎಲ್ಲಿರ್ತದೆ?” ಎನ್ನುತ್ತಿದ್ದಳು.

ನನಗೆ ಕಂಪನಿಯಲ್ಲಿ ಕೆಲಸ ಸಿಕ್ಕಿದಾಗ ಅವಳು ಹೆಮ್ಮೆ ತೋರಿಸಿಕೊಳ್ಳಲಿಲ್ಲ, ಅವಳ ಜಾಯಮಾನ ಅಲ್ಲ. ಮೊದಲ ಲೋಡು ಕಳಿಸುವಾಗ ಫೋನು ಮಾಡಿ, “ನಮ್ಮವ್ವನ ಚೀಲ ಅಂತ ಮುಲಾಜು ಮಾಡ್ಬ್ಯಾಡ. ನಮ್ದು ಸರಿ ಇಲ್ಲ ಅಂದ್ರೆ ಕೆಂಪು ಹಾಕು,” ಎಂದಳು. ನಾನು ಹಸಿರು ಹಾಕಿದೆ, ಅದು ಹಸಿರೇ ಇತ್ತು. ಲ್ಯಾಬಿನವರು ಅವ್ವನ ಗಾಡಿ ಬಂದಾಗಲೆಲ್ಲ “ಮೇಡಮ್, ತೌರುಮನೆ ಲೋಡು ಬಂತು, ಅರಿಶಿನ ಕುಂಕುಮ ತನ್ನಿ,” ಎಂದು ಕಾಡುತ್ತಿದ್ದರು. ಹತ್ತು ವರ್ಷ ಹೀಗೇ ನಡೆಯಿತು.

ಆಮೇಲೆ ಎಲ್ಲ ಒಟ್ಟಿಗೆ ಬದಲಾಯಿತು. ಯಾವುದು ಮೊದಲು, ಯಾವುದು ಆಮೇಲೆ ಎಂದು ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ಕಂಪನಿಗೆ ದೊಡ್ಡ ಗಿರಾಕಿಗಳು ಬಂದರು, ಬೂದಿಯ ಮಿತಿ ಇಳಿಯಿತು. ನಮ್ಮ ಕಾಂಪೌಂಡಿನಲ್ಲೇ ಹೊಗೆ ಹೊರಗೆ ಬಿಡದ ಕಬ್ಬಿಣದ ಗೂಡು ಬಂತು, ಚಿಪ್ಪನ್ನು ಹಾಗೆಯೇ ತಂದು ಸುರಿದರೆ ಸಂಜೆಯೊಳಗೆ ಇದ್ದಿಲು ಕೊಡುತ್ತದೆ. ಕೊಬ್ಬರಿಯವರು ಚಿಪ್ಪನ್ನು ನೇರವಾಗಿ ಲಾರಿಗೆ ತುಂಬಿ ನಮ್ಮಲ್ಲಿಗೆ ಕಳಿಸತೊಡಗಿದರು. ಗುಬ್ಬಿ ರಸ್ತೆಯ ತೋಟಗಳು ಒಂದೊಂದಾಗಿ ಲೇಔಟ್ ಆದವು. ಸೈಟು ತೆಗೆದುಕೊಂಡವರು ಹೊಗೆಗೆ ತಕರಾರು ತೆಗೆದರು. ಅವರದು ತಪ್ಪೆಂದು ನಾನು ಹೇಳಲಾರೆ, ನಾನೂ ತುಮಕೂರಿನ ಬಟವಾಡಿ ಬಡಾವಣೆಯ ಬಾಡಿಗೆ ಮನೆಯಲ್ಲಿ ಪಕ್ಕದವರು ಒಣ ಎಲೆ ಸುಟ್ಟರೆ ಕಿಟಕಿ ಹಾಕುವವಳೇ. ಏಳೆಂಟು ಮನೆಯವರಲ್ಲಿ ಒಬ್ಬರು ಹೂವಿನ ಅಂಗಡಿ ಇಟ್ಟರು, ಇಬ್ಬರು ನಮ್ಮ ಕಂಪನಿಯಲ್ಲೇ ಲೋಡಿಂಗ್ ಕೆಲಸಕ್ಕೆ ಸೇರಿದರು, ಉಳಿದವರು ಎಲ್ಲಿ ಹೋದರೋ ಗೊತ್ತಿಲ್ಲ. ಕೊನೆಗೆ ಅವ್ವ ಒಬ್ಬಳೇ ಉಳಿದಳು.

ಹೊಸ ಮಿತಿ ಬಂದ ಮೇಲೆ ಅವ್ವನ ಮೂರು ಲೋಡಿಗೆ ನಾನು ಕೆಂಪು ಚೀಟಿ ಹಾಕಿದೆ. ಬೂದಿ ಹೆಚ್ಚು, ಮರಳು ಇದೆ. ತೆರೆದ ನೆಲದ ಮೇಲೆ ಚಿಪ್ಪು ರಾಶಿ ಹಾಕಿದರೆ ಮರಳು ಬರದೆ ಇನ್ನೇನು ಬರುತ್ತದೆ? ಮೂರು ಸಲವೂ ಒಂದೇ ಸಲಕ್ಕೆ ನಂಬದೆ ಎರಡೆರಡು ಬಟ್ಟಲು ಸುಟ್ಟು ನೋಡಿದ್ದೆ. ಆಗ ನನಗೆ ಏನನ್ನಿಸಿತು ಎಂದು ಈಗ ನೆನೆಸಿಕೊಂಡರೆ, ಏನೂ ಅನ್ನಿಸಲಿಲ್ಲ ಎನ್ನುವುದೇ ನಿಜ. ಬಹಳ ಹೊತ್ತು ಚಕ್ಕಂಬಕ್ಕಲ ಹಾಕಿ ಕೂತಾಗ ಕಾಲು ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಬೇರೆ ಯಾರದೋ ಕಾಲು ಎನ್ನಿಸುತ್ತದಲ್ಲ, ಹಾಗಿತ್ತು. ಸಹಿ ಹಾಕಿ ಊಟಕ್ಕೆ ಹೋದೆ.

ಮೂರನೆಯ ಕೆಂಪು ಚೀಟಿಯನ್ನು ಅವ್ವ ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮ ಮನೆಗೆ ಬಂದಳು. ಬಂದು ಕಾಫಿ ಕುಡಿದು, ಚೀಟಿ ಬಿಚ್ಚಿ, ನನ್ನ ಸಹಿಯ ಮೇಲೆ ಬೆರಳಿಟ್ಟಳು.

“ಇದು ನಿನ್ ಸೈನಾ?”

“ಹೂಂ ಕಣವ್ವ.”

“ಚೆನ್ನಾಗೈತೆ,” ಎಂದಳು. ವ್ಯಂಗ್ಯವಲ್ಲ. ನನ್ನ ಸಹಿಯನ್ನು ಅವಳು ಅಷ್ಟು ಹತ್ತಿರದಿಂದ ಅದುವರೆಗೆ ನೋಡಿರಲಿಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಅವ್ವ ತನ್ನ ಇದ್ದಿಲನ್ನು ಹಾಗೆ ಮುದ್ದು ಮಾಡಿದವಳಲ್ಲ, ನನ್ನ ಬಟ್ಟಲಲ್ಲಿ ಉಳಿದ ಬೂದಿಯನ್ನು ಒಪ್ಪಿಕೊಂಡಳು. ಒಪ್ಪಿಕೊಂಡಿದ್ದೇ ನನಗೆ ಕಷ್ಟವಾಯಿತು. ಜಗಳ ಮಾಡಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ.

ಸ್ವಲ್ಪ ದಿನಕ್ಕೆ ಕಂಪನಿ, ತಿಂಗಳ ಕೊನೆಯಿಂದ ಗುಂಡಿಯ ಇದ್ದಿಲನ್ನು ತೆಗೆದುಕೊಳ್ಳುವುದೇ ಇಲ್ಲ ಎಂದು ತಿಳಿಸಿತು. ಅದೇ ಹೊತ್ತಿಗೆ ತೋಟದವರೂ ಜಾಗವನ್ನು ಲೇಔಟಿನವರಿಗೆ ಕೊಟ್ಟರು. ಅವ್ವನಿಗೆ ಎರಡನ್ನೂ ಹೇಳಿದವಳು ನಾನೇ. ಗುಂಡಿಯ ದಂಡೆಯ ಮೇಲೆ ಕೂತು ಕೇಳಿಸಿಕೊಂಡಳು.

“ನಮ್ಮನೇಗೆ ಬಂದ್ಬಿಡವ್ವ,” ಎಂದೆ.

“ಮಗಳ ಮನೇಲಿ ಹೋಗಿ ಕೂತ್ಕಳೋದಾ,” ಎಂದು ಮೊದಲು ಗೊಣಗಿದಳು. ಆಮೇಲೆ, “ಬತ್ತೀನಿ ಬುಡು. ತಿಂಗ್ಳು ಮುಗಿಯಕ್ಕೆ ಇನ್ನೂ ಟೈಮೈತಲ್ಲ? ಇನ್ನೊಂದೇ ಒಂದು ಗುಂಡಿ ಸುಡ್ತೀನಿ. ಅದು ಹಸ್ರಾಗ್ಲಿ. ಮೂರು ಕೆಂಪಾಗವೆ, ಕೆಂಪಲ್ಲೇ ಎದ್ದು ಬರದು ಬ್ಯಾಡ,” ಎಂದಳು.

“ಹಸಿರು ಬರದಿದ್ರೆ?”

“ಬರದಿದ್ರೆ ಕೆಂಪು ಹಾಕು. ನೀನು ಸುಳ್ಳು ಚೀಟಿ ಕೊಡಲ್ಲ ಅಂತ್ಲೇ ನಿನ್ ಚೀಟಿ ಕೇಳ್ತಿರೋದು.”

ಆ ಒಂದು ಗುಂಡಿಗೆ ಅವ್ವ ಪಟ್ಟ ಪಾಡನ್ನು ನಾನು ನೋಡಿದ್ದೇನೆ. ಎರಡು ಭಾನುವಾರ ನಾನೂ ಹೋಗಿ ಕೈಜೋಡಿಸಿದೆ. ಚಿಪ್ಪನ್ನೆಲ್ಲ ತೊಟ್ಟಿಯಲ್ಲಿ ತೊಳೆದಳು. ಲೇಔಟಿನವರಿಂದ ಹಳೆಯ ಫ್ಲೆಕ್ಸ್ ಬ್ಯಾನರ್ ಕೇಳಿ ತಂದು ಹಾಸಿ, ಅದರ ಮೇಲೆ ಒಣಗಿಸಿದಳು. ಅಭಿನಂದನೆ ಹೇಳುತ್ತ ಕೈಮುಗಿದ ಯಾರದೋ ಮುಖದ ಮೇಲೆ ನಮ್ಮ ಚಿಪ್ಪು ಒಣಗುತ್ತಿತ್ತು. ನಾರು ಉಳಿದಿದ್ದ ಚಿಪ್ಪನ್ನು ಮಚ್ಚಿನಿಂದ ಕೆರೆದಳು. ಗುಂಡಿಯೊಳಗೆ ಇಳಿದು ಇಟ್ಟಿಗೆಯ ಸಂದುಗಳಲ್ಲಿ ಕೂತ ಮರಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದಳು. ತಳಕ್ಕೆ ಹೊಸ ತಗಡು ಹಾಸಿದಳು. “ಬಾಣಂತಿ ಕೋಣೆ ಥರ ಮಾಡಿದೀಯಲ್ಲವ್ವ,” ಎಂದು ನಾನು ರೇಗಿಸಿದೆ. “ಹೂಂ, ನಿನ್ನ ಹೆತ್ತಾಗ್ಲೂ ಇಷ್ಟು ಗುಡಿಸಿರ್ಲಿಲ್ಲ,” ಎಂದಳು.

ಎರಡನೆಯ ಭಾನುವಾರ ಕಳೆದ ಮಂಗಳವಾರ ಸಂಜೆ ಫೋನು ಮಾಡಿದಳು. ನಾನು ಆಗ ಲ್ಯಾಬಿನಲ್ಲಿದ್ದೆ. “ಸೋಮವಾರ ಬೆಳಿಗ್ಗೆ ಹಚ್ಚಿದೆ ಕಣೇ, ಈಗ ಮುಚ್ಚಿದೆ. ಹೊಗೆ ಒಳ್ಳೆ ನೀಲಿ ಬಂದಿತ್ತು,” ಎಂದಳು. ಅವಳು ಹೇಳಿದ್ದು ಇಷ್ಟೇ, ಇದೇ ಮಾತುಗಳಲ್ಲಿ. ನನ್ನ ಮುಂದೆ ಬರಲಿರುವ ಮಾಲು ಬರೆಯುವ ದಫ್ತರ ತೆರೆದಿತ್ತು. ಅದರಲ್ಲಿ ಒಂದೇ ದಿನಾಂಕಕ್ಕೆ ಜಾಗ, ಸುಟ್ಟ ದಿನಾಂಕ. ನಮ್ಮ ಕಂಪನಿಯ ಗೂಡಿನಲ್ಲಿ ಹಚ್ಚುವುದೂ ತೆಗೆಯುವುದೂ ಒಂದೇ ದಿನ, ಇನ್ನೊಂದು ಕಾಲಮ್ಮು ಯಾಕೆ ಬೇಕು? ಅವ್ವನ ಹೆಸರಿನ ಮುಂದೆ ಸೋಮವಾರದ ತಾರೀಕು ಬರೆದೆ.

ಬುಧವಾರ ಟೀ ಹೊತ್ತಿನಲ್ಲಿ ಲೇಔಟಿನವರ ಕಡೆಯ ಮೇಸ್ತ್ರಿ ಫೋನು ಮಾಡಿದ. “ಮೇಡಮ್, ಉಳಿದ ಗುಂಡಿ ಮುಚ್ಚಕ್ಕೆ ಜೆಸಿಬಿ ಕಳಿಸ್ಬೇಕು. ನಿಮ್ ಅಮ್ಮಂದು ಒಂದು ಗುಂಡಿ ಇನ್ನೂ ಬಾಯಿ ಕಟ್ಟೈತೆ. ತಗಡು ನಮ್ ಜೆಸಿಬಿನೇ ಎತ್ಕೊಡ್ತದೆ. ಯಾವತ್ತು ಬರ್ಲಿ ಹೇಳಿ,” ಎಂದ. ನನ್ನ ಒಂದು ಕೈಯಲ್ಲಿ ಲೋಟ ಇತ್ತು. ದಫ್ತರ ನೋಡಿ, ಸೋಮವಾರ ಬಿಟ್ಟು, ಮಂಗಳ, ಬುಧ, ಗುರು ಎಂದು ಬೆರಳು ಮಡಿಚಿದೆ.

“ಶುಕ್ರವಾರ ಬೆಳಿಗ್ಗೆ ಬನ್ನಿ,” ಎಂದೆ.

ಗುಂಡಿಯ ಪಕ್ಕ ಸೀರೆಯ ಜೋಲಿಯಲ್ಲಿ ಮಲಗಿ ಬೆಳೆದವಳು ನಾನು. ದಾರಿಯಲ್ಲಿ ಹೋಗುವವರು ತಪ್ಪಬಹುದಾದ ಎಣಿಕೆ, ಆದರೆ ನಾನು ತಪ್ಪಬಾರದಿತ್ತು. ಹಚ್ಚಿದ ದಿನ ಲೆಕ್ಕಕ್ಕಿಲ್ಲ ಎಂಬುದನ್ನು ವರ್ಷಗಟ್ಟಲೆ ಒಂದೇ ಕಾಲಮ್ಮಿನ ದಫ್ತರ ಬರೆದ ಕೈ ಮರೆತಿತ್ತು. ಇದನ್ನು ನೆಪ ಎಂದು ಹೇಳುತ್ತಿಲ್ಲ. ಹೇಗಾಯಿತು ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ, ಸಿಗುವ ಉತ್ತರ ಇದೊಂದೇ.

ಶುಕ್ರವಾರ ಅರ್ಧ ದಿನ ರಜೆ ಹಾಕಿ, ಸ್ಯಾಂಪಲ್ ತುಂಬುವ ಚೀಲ, ಹಸಿರು ಕೆಂಪು ಎರಡೂ ಚೀಟಿ ಪುಸ್ತಕ ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ನಾನು ಹೋಗುವಾಗ ಒಂಬತ್ತು ಗಂಟೆ. ಜೆಸಿಬಿ ಆಗಲೇ ನಾಲ್ಕು ಹಳೆಯ ಗುಂಡಿಗಳನ್ನು ಮಣ್ಣು ಹಾಕಿ ಮಟ್ಟ ಮಾಡಿತ್ತು. ಅವ್ವ ಐದನೆಯದರ ಪಕ್ಕ, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಳು.

“ಇವತ್ತೇನಾ ಕಣೇ? ನಾಳೆ ಅನ್ಕಂಡಿದ್ದೆ ನಾನು,” ಎಂದಳು.

“ಮೂರು ದಿನ ಆಯ್ತಲ್ಲವ್ವ. ಸೋಮವಾರ ಅಂತ ನೀನೇ ಹೇಳಿದ್ದೆ,” ಎಂದೆ. ಬಸ್ಸಿನಲ್ಲಿ ನಿಂತು ಬಂದ ಸಿಡುಕು ನನ್ನ ದನಿಯಲ್ಲಿತ್ತು.

ಅವ್ವ ಬಾಗಿ, ಕೆಸರು ಒಣಗಿದ ತಗಡಿನ ಮೇಲೆ ಅಂಗೈ ಇಟ್ಟಳು. ಸ್ವಲ್ಪ ಹೊತ್ತು ಹಾಗೇ ಇದ್ದಳು. “ನಂಗೇನೂ ತಿಳಿಯಲ್ಲ. ನೀನೊಂದ್ಸಲ ಮುಟ್ಟಿ ನೋಡು,” ಎಂದಳು. ನಾನು ಎರಡು ಬೆರಳು ಇಟ್ಟೆ. ಬೆಚ್ಚಗಿತ್ತು. “ಬಿಸಿಲಿಗೆ ಕಾದಿದೆ,” ಎಂದೆ. ಬೆಳಿಗ್ಗೆ ಒಂಬತ್ತು ಗಂಟೆಯ ಬಿಸಿಲು, ತೆಂಗಿನ ಮರದ ನೆರಳು ಇನ್ನೂ ತಗಡಿನ ಮೇಲಿತ್ತು.

ಅವ್ವ ನನ್ನ ಮುಖ ನೋಡಿ, “ಆಯ್ತು, ತಗಿಯಪ್ಪ,” ಎಂದು ಡ್ರೈವರನಿಗೆ ಹೇಳಿದಳು.

ತಗಡು ಎತ್ತಿದಾಗ ಒಳಗಿನದು ನೋಡಿ ನಾವಿಬ್ಬರೂ ಒಟ್ಟಿಗೆ ಬಾಗಿದೆವು. ಅಷ್ಟು ಒಳ್ಳೆಯ ಇದ್ದಿಲನ್ನು ನಾನು ಗುಂಡಿಯಲ್ಲಿ ನೋಡಿಲ್ಲ. ಚೂರು ಒಡೆದ ಕಡೆಯೆಲ್ಲ ಗಾಜಿನ ಹೊಳಪು. ಅವ್ವ ಮೇಲಿನ ಒಂದು ಚೂರು ತೆಗೆದು ದಂಡೆಯ ಕಲ್ಲಿಗೆ ತಟ್ಟಿದಳು, ಖಣ್ ಎಂದು ಸದ್ದು ಬಂತು. “ಕೇಳಿಸ್ತಾ?” ಎಂದಳು. ಅವಳು ನಗುತ್ತಿದ್ದಳು. ನಾನು ಬ್ಯಾಗಿನಿಂದ ಸ್ಯಾಂಪಲ್ ಚೀಲ ತೆಗೆಯುತ್ತಿದ್ದೆ. ಅಷ್ಟರಲ್ಲಿ ನಡುವೆ ಒಂದು ಕೆಂಪು ಚುಕ್ಕೆ ಕಂಡಿತು, ಅದರ ಪಕ್ಕ ಇನ್ನೊಂದು. ನೋಡನೋಡುತ್ತ ಇಡೀ ಗುಂಡಿ ಒಳಗಿನಿಂದ ಕೆಂಪಗಾಗಿ, ಹೊಗೆಯೇ ಇಲ್ಲದ ಸಣ್ಣ ನೀಲಿ ಉರಿ ಎದ್ದಿತು.

“ಅಜ್ಜಿ, ಹಿಂದಕ್ಕೆ ಬನ್ನಿ,” ಎಂದು ಡ್ರೈವರ್ ಕೂಗಿದ. “ಮಣ್ಣು ಸುರೀಲಾ? ಒಂದು ಬಕೆಟ್ ಸುರಿದ್ರೆ ಆರೋಗ್ತದೆ.”

ತೊಟ್ಟಿಯಲ್ಲಿ ನೀರೂ ಇತ್ತು. ಅವ್ವ ನನ್ನ ಕಡೆ ತಿರುಗಿದಳು. ಬೆಂಕಿಯ ಕಾವು ನಮ್ಮ ಮುಖಕ್ಕೆ ಹೊಡೆಯುತ್ತಿತ್ತು.

“ಮಣ್ಣಾಕಿದ್ರೆ ಪಾಸಾಗ್ತದಾ?”

“ಇಲ್ಲ.”

“ನೀರು?”

“ಇಲ್ಲವ್ವ.”

“ಹಂಗಾರೆ ಬುಡು. ಉರೀಲಿ,” ಎಂದಳು.

ಡ್ರೈವರ್ ಇಂಜಿನ್ ನಿಲ್ಲಿಸಿ ಕೆಳಗಿಳಿದ. ಮೂವರೂ ನಿಂತು ನೋಡಿದೆವು. “ಕುಂಬಾರಂಗೆ ವರ್ಷ, ದೊಣ್ಣೆಗೆ ನಿಮಿಷ ಅಂತಾರಲ್ಲ,” ಎಂದು ಅವನು ಯಾರಿಗೂ ಅಲ್ಲದ ಹಾಗೆ ಹೇಳಿದ. ಮಧ್ಯಾಹ್ನದವರೆಗೂ ಉರಿಯಿತು. ಗುಂಡಿಯ ಮಟ್ಟ ಇಳಿಯುತ್ತ ಹೋಯಿತು. ನನಗೆ ಅಳು ಬರಬಹುದು ಎಂದು ಕಾದೆ, ಬರಲಿಲ್ಲ. ನಾನು ದಿನಾ ಬಟ್ಟಲಲ್ಲಿ ಮಾಡುವುದನ್ನು ಇಲ್ಲಿ ದೊಡ್ಡದಾಗಿ ಮಾಡಿದ್ದಾರೆ ಎಂಬ ಒಂದೇ ಯೋಚನೆ ತಲೆಯಲ್ಲಿ ಸುತ್ತುತ್ತಿತ್ತು. ಅದರ ಬಗ್ಗೆ ಈಗಲೂ ನಾಚಿಕೆಯಾಗುತ್ತದೆ.

ಉರಿ ಇಳಿದ ಮೇಲೆ ಅವ್ವ ಮಾತಾಡಿದಳು. “ತಪ್ಪು ನಂದೇ ಕಣೇ. ಮುಚ್ಚಿದ್ದು ಸೋಮವಾರ ಅಂತ ನಿಂಗೆ ಹೇಳ್ಬುಟ್ಟಿದೀನಿ ಅನ್ಸ್ತದೆ. ಹಚ್ಚಿದ್ದು ಮುಚ್ಚಿದ್ದು ಕಲಸ್ಕಂಡು ಹೇಳಿದೀನಿ. ನಿಂಗೆ ಹೆಂಗೆ ಗೊತ್ತಾಗ್ಬೇಕು ಪಾಪ.”

ಇಲ್ಲ ಎನ್ನಬೇಕಿತ್ತು. ಒಂದು ಮಾತು, ಆಗಲೇ, ಅಲ್ಲೇ. ನಾನು ಸ್ಯಾಂಪಲ್ ಚೀಲವನ್ನು ಮಡಿಚಿ ಬ್ಯಾಗಿಗೆ ಹಾಕಿಕೊಂಡು, “ಹೋಗ್ಲಿ ಬಿಡವ್ವ,” ಎಂದೆ. ಕ್ಷಮಿಸಿದವಳ ಹಾಗೆ.

ಅವ್ವ ಬೂದಿಯನ್ನು ಬಿಟ್ಟು ಬರಲಿಲ್ಲ. ಎರಡು ದಿನ ತಣಿಯಲು ಬಿಟ್ಟು, ಜರಡಿ ಹಿಡಿದು, ಒಂದು ಗೊಬ್ಬರದ ಚೀಲಕ್ಕೆ ತುಂಬಿಕೊಂಡು ಬಟವಾಡಿಗೆ ಬಂದಳು. “ಚಿಪ್ಪಿನ ಬೂದಿ ಪಾತ್ರೆಗೆ ಒಳ್ಳೇದು,” ಎಂದಳು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸವನ್ನು ಬಂದ ದಿನವೇ ತನ್ನದು ಮಾಡಿಕೊಂಡಳು. ನನ್ನ ಸೋಪಿನ ಡಬ್ಬಿ ಮೂಲೆ ಸೇರಿತು. ಒಂದು ಚಿಪ್ಪಿನಲ್ಲಿ ಬೂದಿ, ಒಂದು ಹಿಡಿ ನಾರು, ಅಷ್ಟೇ. ನಮ್ಮ ಪಾತ್ರೆಗಳು ಅಷ್ಟು ಬೆಳ್ಳಗೆ ಯಾವತ್ತೂ ಇರಲಿಲ್ಲ. ಕೊನೆಯ ಗುಂಡಿ ದಿನಕ್ಕೊಂದು ಹಿಡಿಯಂತೆ ಸಿಂಕಿನ ತೂತಿನಲ್ಲಿ ಹೋಗುವುದನ್ನು ನಾನು ದಿನವೂ ಬೆಳಿಗ್ಗೆ ಡಬ್ಬಿ ಕಟ್ಟಿಕೊಳ್ಳುತ್ತ ನೋಡುತ್ತಿದ್ದೆ. ಗೋಡೆಯ ಮೇಲಿನ ನೀರಿನ ಫಿಲ್ಟರ್ ತೋರಿಸಿ ಒಮ್ಮೆ ಕೇಳಿದಳು, “ಇದ್ರೊಳ್ಗೆ ನಮ್ದೂ ಇರ್ಬೋದಾ?” ಹತ್ತು ವರ್ಷದ ಹಸಿರು ಚೀಟಿಗಳಲ್ಲಿ ಯಾವುದೋ ಒಂದು ಇರಬಹುದು ಎಂದೆ. ಆ ದಿನ ಅವಳು ಫಿಲ್ಟರಿನ ನೀರು ಕುಡಿದಳು, ಅಲ್ಲಿಯವರೆಗೆ ನಲ್ಲಿ ನೀರೇ ಕುಡಿಯುತ್ತಿದ್ದಳು.

ಆದರೆ ಅವಳು ಎಣಿಸುವುದನ್ನು ಬಿಟ್ಟಳು. ಇದು ನನಗೆ ಮೊದಲು ಗೊತ್ತಾಗಲಿಲ್ಲ. ಕುಕ್ಕರಿಗೆ ಎಷ್ಟು ಕೂಗಾಯಿತು ಎಂದು ನನ್ನನ್ನು ಕೇಳುತ್ತಿದ್ದಳು. ಮಾತ್ರೆ ನುಂಗಿದೆನಾ ಎಂದು ನನ್ನನ್ನೇ ಕೇಳುತ್ತಿದ್ದಳು. ಇವತ್ತು ಯಾವ ವಾರ ಎಂದು ದಿನಕ್ಕೆ ಎರಡು ಸಲ. ನಮ್ಮ ಯಜಮಾನರು, “ವಯಸ್ಸಾಯ್ತಲ್ಲ,” ಎಂದರು. ಡಾಕ್ಟರೂ ಹಾಗೇ ಹೇಳಿದರು. ಅವ್ವನ ಮರೆವಿಗೆ ಕಾರಣ ಗೊತ್ತಿದ್ದವಳು ನಾನೊಬ್ಬಳೇ. ಅದು ಮರೆವು ಆಗಿರಲೇ ಇಲ್ಲ. ಯಾವ ಸಾಮಾನು ಎಲ್ಲಿದೆ, ಮೂವತ್ತು ವರ್ಷದ ಹಿಂದೆ ಯಾರು ಏನೆಂದರು, ಎಲ್ಲ ನೆನಪಿತ್ತು. ತನ್ನ ಎಣಿಕೆಯ ಮೇಲೆ ನಂಬಿಕೆ ಹೋಗಿತ್ತು, ಅಷ್ಟೇ. ನಾನು ದಿನವೂ ಅದನ್ನು ನೋಡಿಕೊಂಡು ಲ್ಯಾಬಿಗೆ ಹೋಗಿ ಬೂದಿ ತೂಗಿ ಬಂದೆ. ಒಂದು ಗ್ರಾಮಿನ ಸಾವಿರದಲ್ಲೊಂದು ಪಾಲು ತಪ್ಪಾದರೂ ತಿರುಗಿ ಸುಡುವವಳು.

ಕಳೆದ ತಿಂಗಳು ಕೆಳಗಿನ ಮನೆಯ ಯಜಮಾನರು ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಹೋದದ್ದು ಒಂದು ದಿನ, ದೇಹ ಊರಿಗೆ ತಂದು ಮಣ್ಣು ಮಾಡಿದ್ದು ಇನ್ನೊಂದು ದಿನ. ಅವರದು ಅವ್ವನ ತೌರಿನ ಕಡೆಯ ಊರೇ. ಆ ಮನೆಯ ಸೊಸೆ ಮೇಲೆ ಬಂದು, ಬಾಗಿಲಲ್ಲೇ ನಿಂತು ಕೇಳಿದಳು, “ಅಜ್ಜಿ, ತಿಥಿಗೆ ಯಾವತ್ತಿಂದ ಎಣಿಸ್ಬೇಕು? ನಮ್ಮಲ್ಲಿ ಒಬ್ಬೊಬ್ರು ಒಂದೊಂದು ಹೇಳ್ತಾ ಇದಾರೆ. ನಿಮ್ಗೆ ಇದೆಲ್ಲ ಗೊತ್ತು ಅಂತ ನಮ್ಮತ್ತೆ ಕಳಿಸಿದ್ರು.”

“ನನ್ನ ಕೇಳ್ಬ್ಯಾಡ ಕಣವ್ವ. ನಂಗೆ ಎಣಿಸಕ್ಕೆ ಬರಲ್ಲ,” ಎಂದಳು ಅವ್ವ.

ಹುಡುಗಿ ನನ್ನ ಮುಖ ನೋಡಿದಳು. ನಾನು ಆಮೇಲೆ ಬಂದು ಹೇಳುತ್ತೇನೆ ಎಂದು ಅವಳನ್ನು ಕಳಿಸಿದೆ.

ಅವ್ವ ಸಿಂಕಿನ ಮುಂದೆ ಹೋಗಿ ನಿಂತಳು. ಬೂದಿಯ ಚೀಲ ಅಷ್ಟರಲ್ಲಿ ಬರಿದಾಗಿತ್ತು. ಅದನ್ನು ಬೋರಲು ಹಾಕಿ ಕೊಡವಿ, ಮೂಲೆಯಲ್ಲಿ ಉಳಿದ ಕೊನೆಯ ಹಿಡಿಯನ್ನು ಚಿಪ್ಪಿಗೆ ಸುರಿದುಕೊಂಡು ಅನ್ನದ ಪಾತ್ರೆ ಉಜ್ಜತೊಡಗಿದಳು. ನನಗೆ ಇನ್ನು ತಡೆಯಲಾಗಲಿಲ್ಲ.

“ಅವ್ವ, ಆವತ್ತು ತಪ್ಪಿದ್ದು ನೀನಲ್ಲ. ನೀನು ಸರಿಯಾಗೇ ಹೇಳಿದ್ದೆ. ಸೋಮವಾರ ಹಚ್ಚಿದೆ, ಮಂಗಳವಾರ ಮುಚ್ಚಿದೆ ಅಂತ ಬಿಡಿಸಿ ಹೇಳಿದ್ದೆ. ನಾನು ಹಚ್ಚಿದ ದಿನದಿಂದ ಎಣಿಸ್ಬಿಟ್ಟೆ. ತಗಡು ಮುಟ್ಟಿದಾಗ ಬೆಚ್ಚಗಿತ್ತು, ಆದ್ರೂ ಬಿಸಿಲು ಅಂದೆ.”

ಅವ್ವನ ಕೈ ನಿಲ್ಲಲಿಲ್ಲ.

“ನನ್ ಸಮಾಧಾನಕ್ಕೆ ಏನೇನೋ ಹೇಳ್ಬ್ಯಾಡ ಕಣೇ,” ಎಂದಳು.

“ಸಮಾಧಾನಕ್ಕಲ್ಲವ್ವ. ದಫ್ತರದಲ್ಲಿ ಬರೆದಿದೆ, ಬೇಕಾದ್ರೆ ಫೋಟೋ ತಂದು ತೋರಿಸ್ತೀನಿ.”

“ಬರ್ದಿರೋಳು ನೀನೇ ತಾನೆ.” ಪಾತ್ರೆಯನ್ನು ನಲ್ಲಿಯ ಕೆಳಗೆ ಹಿಡಿದಳು. “ಗುಂಡಿ ಪಕ್ಕದಲ್ಲೇ ಜೋಲಿ ಕಟ್ಟಿ ಬೆಳೆಸಿದೀನಿ ನಿನ್ನ. ನಿಂಗೆ ಎಣಿಸಕ್ಕೆ ಬರ್ದೇ ಹೋಯ್ತು ಅಂದ್ರೆ ನಾನು ನಂಬ್ತೀನಾ?”

ನನಗೆ ಇನ್ನೂ ಹೇಳುವುದಿತ್ತು. ಏನು ಹೇಳಿದರೂ ಅವಳಿಗೆ ಮಗಳ ಒಳ್ಳೆಯತನದಂತೆಯೇ ಕೇಳಿಸುತ್ತದೆ ಎಂದು ಗೊತ್ತಾಯಿತು. ಅವಳು ತೊಳೆದ ಪಾತ್ರೆಯನ್ನು ಒರೆಸಲು ನನ್ನ ಕೈಗೆ ಕೊಟ್ಟಳು.

“ನಮ್ಮೂರ್ ಕಡೆ ಅವ್ರ ಮನೇಲಿ ಮಣ್ಣು ಮಾಡಿದ್ ದಿನದಿಂದ. ಹನ್ನೊಂದ್ನೇ ದಿನ ಯಾವತ್ತು ಬರ್ತದೆ ಅಂತ ನೀನೇ ಎಣ್ಸು. ಪಾಪ ಆ ಹುಡ್ಗಿ ಕಾಯ್ತಾ ಇರ್ತಾಳೆ.”

ನಾನು ಪಾತ್ರೆ ಕೆಳಗಿಟ್ಟು ಬೆರಳು ಮಡಿಚಿ ಎಣಿಸಿದೆ. ಮತ್ತೆ ಮೊದಲಿನಿಂದ ಎಣಿಸಿದೆ. ಗುರುವಾರ ಎಂದೆ. ಅವ್ವ ಅಷ್ಟು ಹೊತ್ತೂ ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಅವಳ ತುಟಿ ಒಮ್ಮೆಯೂ ಅಲುಗಲಿಲ್ಲ.

“ಹೂಂ, ನೀನು ಹೇಳಿದ್ಮೇಲೆ ಸರಿನೇ ಇರ್ತದೆ. ಹೋಗಿ ಹೇಳ್ಬುಟ್ಟು ಬಾ,” ಎಂದಳು.